ಸಾರು ಎಂದರೆ ಚೆನ್ನಾಗಿದೆ

ಟೂರಿಸ್ಟ್ ಗೈಡ್ ಆಗಲು ಹೊರಟ ಹುಡುಗ ಹುಡುಗಿಯರು ಮೊದಲೇ ತಿಳಿದುಕೊಂಡರೆ ಒಳ್ಳೆಯದು: ಈ ಕೆಲಸದಲ್ಲಿ ಇತಿಹಾಸ ಒಂದು ಪಾಲಾದರೆ ಶೌಚಾಲಯ ಮೂರು ಪಾಲು. ಅಹಮದಾಬಾದಿನಿಂದ ಸೂರತ್ತಿನವರೆಗೆ ಹೆದ್ದಾರಿಯ ಯಾವ ಪೆಟ್ರೋಲ್ ಬಂಕಿನಲ್ಲಿ ಬಾಗಿಲಿಗೆ ಚಿಲಕವಿದೆ, ಯಾವುದರಲ್ಲಿ ನೀರು ಬರುತ್ತದೆ, ಯಾವುದರಲ್ಲಿ ಎರಡೂ ಇಲ್ಲ ಎಂಬುದು ನನಗೆ ನಿದ್ದೆಗಣ್ಣಿನಲ್ಲೂ ಗೊತ್ತು. ಯಾವ ಸುಲ್ತಾನ ಯಾರ ಮಗ ಎಂಬಲ್ಲಿ ಮಾತ್ರ ಇವತ್ತಿಗೂ ಎಡವುತ್ತೇನೆ. ಹೀಗೆ ಎಡವುತ್ತಲೇ ಇಪ್ಪತ್ತಾರು ವರ್ಷ ಕನ್ನಡದ ಪ್ರವಾಸಿಗಳಿಗೆ ಗುಜರಾತು ತೋರಿಸಿದೆ. ಕೊನೆಗೆ ಮೊಣಕಾಲು ಮುಷ್ಕರ ಹೂಡಿದ ಮೇಲೆ ನಿವೃತ್ತನಾದೆ.

ಸಾಧನೆಗಳ ಪಟ್ಟಿ ಇಲ್ಲಿಲ್ಲ. ಹುಡುಕಿದೆ, ಸಿಗಲಿಲ್ಲ. ನಾನು ಬರೆಯಲು ಕೂತದ್ದು ನನ್ನ ಬಾಯಿಯಿಂದ ಒಬ್ಬ ಹುಡುಗಿಯ ಲೈಸೆನ್ಸು ಇನ್ನೇನು ಕೈತಪ್ಪಲಿದ್ದ ಸಂಗತಿಯನ್ನು.

ಹುಡುಗಿಯ ಹೆಸರು ನಿಖಿತಾ. ಅಪ್ಪ ಧಾರವಾಡದವರು, ವಡೋದರಾ ಪಕ್ಕದ ಕೊಯಾಲಿಯ ರಿಫೈನರಿಯಲ್ಲಿ ಕೆಲಸ. ಇವಳು ಹುಟ್ಟಿ ಬೆಳೆದದ್ದು ಅಲ್ಲಿಯ ಟೌನ್‌ಶಿಪ್ಪಿನಲ್ಲಿ. ಇಂಗ್ಲಿಷು, ಹಿಂದಿ, ಗುಜರಾತಿ ನೀರು ಕುಡಿದಂತೆ. ಕನ್ನಡದಲ್ಲಿ ಮಾತ್ರ ಬಸ್ಸು 'ಬಂದಳು', ಡ್ರೈವರು 'ಬಂತು'. ನನ್ನನ್ನು ಕಾಕಾ ಎನ್ನುತ್ತಾಳೆ. ಕಾಕಾ ಎಂದರೆ ನಮ್ಮ ಕಡೆಯೂ ಅಪ್ಪನ ತಮ್ಮ, ಇಲ್ಲಿಯೂ ಅಪ್ಪನ ತಮ್ಮ. ಆದ್ದರಿಂದ ಅದು ಅವಳು ಸರಿಯಾಗಿ ಹೇಳುವ ಕನ್ನಡ ಪದಗಳಲ್ಲಿ ಒಂದು. ನನ್ನ ಕೊನೆಯ ಒಂದು ವರ್ಷ ಸಹಾಯಕಿಯಾಗಿ ಬಸ್ಸಿನಲ್ಲಿ ಓಡಾಡಿ, ನಾನು ಮೈಕಿನಲ್ಲಿ ಹೇಳಿದ್ದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡಿ, ಮನೆಗೆ ಹೋಗಿ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದಳು.

ಲಿಖಿತ ಪರೀಕ್ಷೆ ಪಾಸಾಗಿತ್ತು. ಅಹಮದಾಬಾದಿನಲ್ಲಿ ಮೌಖಿಕ ಬಾಕಿ. ಅದಕ್ಕೆ ಹತ್ತು ದಿನ ಇರುವಾಗ ವಡೋದರಾದ ನನ್ನ ಮನೆಗೆ ನೋಟ್‌ಬುಕ್ ಹಿಡಿದುಕೊಂಡು ಬಂದಳು.

"ಕಾಕಾ, ಪಪ್ಪಾ ಒಂದೇ ಚಾನ್ಸ್ ಕೊಟ್ಟಿದೆ. ಫೇಲ್ ಆದ್ರೆ ಬ್ಯಾಂಕ್ ಎಕ್ಸಾಮ್ ಕೋಚಿಂಗ್. ನಾನು ಬ್ಯಾಂಕಿನಲ್ಲಿ ಸತ್ತು ಹೋಗ್ತದೆ."

"ಹೋಗ್ತೀನಿ ಅನ್ನಬೇಕವಾ."

"ಅದೇ. ಸತ್ತು ಹೋಗ್ತೀನಿ. ಇದೆಲ್ಲ ನೀವು ಹೇಳಿದ್ದು. ಒಂದೊಂದೇ ಓದ್ತೀನಿ. ಪಾಕು ಛೇ ನೆ?"

ಖಾತ್ರಿ ತಾನೇ, ಎಂದು ಕೇಳುತ್ತಿದ್ದಳು. ಕುರ್ಚಿಯಲ್ಲಿ ನನಗೆ ಸಣ್ಣಗೆ ಬೆವರಿತು.

ನಾನು ಈ ಕೆಲಸಕ್ಕೆ ಬಂದ ಬಗೆ ಗೊತ್ತಿದ್ದರೆ ಬೆವರು ಯಾಕೆಂದು ನಿಮಗೂ ತಿಳಿಯುತ್ತದೆ. ನಾನು ಗದಗಿನವನು, ವಡೋದರಾದ ಮಕರಪುರದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಟರ್ನರ್ ಆಗಿದ್ದೆ. ಕಾರ್ಖಾನೆ ಮುಚ್ಚಿತು. ಕೈಯಲ್ಲಿ ಉಳಿದ ಬಂಡವಾಳ ಎಂದರೆ ತರಕಾರಿ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುತ್ತ ಕಲಿತ ಗುಜರಾತಿ ಭಾಷೆ. ಆಗ ಹುಬ್ಬಳ್ಳಿ ಕಡೆಯಿಂದ ವರ್ಗವಾಗಿ ಬಂದಿದ್ದ ಬ್ಯಾಂಕ್ ಮ್ಯಾನೇಜರ್ ಒಬ್ಬರು ತಮ್ಮ ಬೀಗರಿಗೆ ನಾಲ್ಕು ಜಾಗ ತೋರಿಸಿಕೊಂಡು ಬಾ ಎಂದರು. ತೋರಿಸಿದೆ. ಬೀಗರ ಬೀಗರು ಬಂದರು. ಅವರಿಗೆ ಬಸ್ಸು ಬೇಕಾಯಿತು, ಬಸ್ಸಿಗಾಗಿ ಟ್ರಾವೆಲ್ಸ್ ಮಾಲೀಕ ರಮಣಿಕ್‌ಭಾಯಿಯ ಬಳಿ ಹೋದೆ. ಬಾಡಿಗೆಗೆ ಎರಡು ಗಂಟೆ ಚೌಕಾಸಿ ಮಾಡಿದೆ. ಕೊನೆಗೆ ಆತ ಕನ್ನಡಕ ತೆಗೆದು, ಅರೆ ಭಲಾ ಮಾಣಸ್, ಒಳ್ಳೆ ಮನುಷ್ಯನೇ, ನನ್ನೊಡನೆ ವಾದಿಸುವ ಬದಲು ನನ್ನ ಪರವಾಗಿ ವಾದಿಸು, ಎಂದು ಕೆಲಸವನ್ನೇ ಕೊಟ್ಟ. ಅದೇ ನನ್ನ ನೇಮಕಾತಿ ಪತ್ರ.

ರಮಣಿಕ್‌ಭಾಯಿ ಒಂದೇ ಒಂದು ತರಬೇತಿ ಕೊಟ್ಟ. "ಸಾಚು ಬೋಲೋ, ಪಣ್ ಧೀಮೇ ಬೋಲೋ." ನಿಜ ಹೇಳು, ಆದರೆ ನಿಧಾನವಾಗಿ ಹೇಳು. ನಿಧಾನವನ್ನು ನಾನು ಬೇಗ ಕಲಿತೆ.

ನಿಖಿತಾ ಮೊದಲ ಪುಟ ಓದಿದಳು. "ಸ್ಮಾರಕದ ಒಳಗೆ ಗೈಡ್‌ನ ನಡತೆ." ಅದರ ಕೆಳಗೆ ನನ್ನದೇ ಮಾತು: ಒಳಗೆ ನನ್ನನ್ನು ಗೈಡ್ ಅನ್ನಬೇಡಿ, ಮಾವ ಅನ್ನಿ.

"ಇದು ಯಾಕೆ ಕಾಕಾ?"

"ಅದನ್ನ ಹೊಡೆದು ಹಾಕವಾ ಮೊದಲ."

ಮೊದಲ ಐದು ವರ್ಷ ನನ್ನ ಬಳಿ ಲೈಸೆನ್ಸು ಇರಲಿಲ್ಲ. ಬಸ್ಸಿನೊಳಗೆ ಏನು ಬೇಕಾದರೂ ಹೇಳಬಹುದು. ಸ್ಮಾರಕದೊಳಗೆ ವಿವರಣೆ ಕೊಟ್ಟರೆ ಲೈಸೆನ್ಸಿನ ಗೈಡುಗಳು ಕಾವಲುಗಾರನನ್ನು ಕರೆಯುತ್ತಿದ್ದರು. ನ್ಯಾಯವೇ ಅದು. ನಾನು ಕಂಡುಕೊಂಡ ಉಪಾಯ: ಗುಂಪಿನ ನಲವತ್ತು ಜನಕ್ಕೂ ನಾನು ನೆಂಟ. ಯಾರಾದರೂ ಕೇಳಿದರೆ 'ನಮ್ಮ ಮಾವ' ಎನ್ನಿ ಎಂದು ಬಸ್ಸಿನಲ್ಲೇ ಪಾಠ ಮಾಡಿಸುತ್ತಿದ್ದೆ. ಒಮ್ಮೆ ಅಡಾಲಜಿನ ಮೆಟ್ಟಿಲುಬಾವಿಯಲ್ಲಿ ಕಾವಲುಗಾರ ಸೀದಾ ತುಮಕೂರಿನ ಒಬ್ಬ ಅಜ್ಜಿಯನ್ನು ಹಿಡಿದ. ಅಜ್ಜಿಗೆ ಎಪ್ಪತ್ತರ ಮೇಲೆ, ನನಗೆ ಮೂವತ್ತಾರು. ಇವನು ಯಾರು ನಿಮಗೆ, ಎಂದು ಹಿಂದಿಯಲ್ಲಿ ಕೇಳಿದ. ಅಜ್ಜಿಗೆ ಮೊಮ್ಮಗಳು ಕಲಿಸಿದ ಅಷ್ಟಿಷ್ಟು ಹಿಂದಿ ಬರುತ್ತಿತ್ತು. ಮಾವ ಎಂಬುದನ್ನು ನಿಷ್ಠೆಯಿಂದ ಅನುವಾದಿಸಿದರು: "ಯೇ ಮೇರಾ ಸಸುರ್ ಹೈ."

ಕಾವಲುಗಾರ ನನ್ನನ್ನು ನೋಡಿದ, ಅಜ್ಜಿಯನ್ನು ನೋಡಿದ. ಗಂಡನ ಅಪ್ಪ? ಅಜ್ಜಿ ಜಗ್ಗಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ನನ್ನ ಮುಂದೆ ನಾಚಿ ಬೇರೆ ನಿಂತರು. ದಂಡ ಕಟ್ಟಿ ಹೊರಬಂದೆ. ಮರುತಿಂಗಳೇ ಲೈಸೆನ್ಸಿಗೆ ಅರ್ಜಿ ಹಾಕಿದೆ. ಬಾಯಿಗೆ ಕೂತ ಆ ಪಾಠ ಮಾತ್ರ ಲೈಸೆನ್ಸು ಬಂದ ಮೇಲೂ ಮೈಕಿನಿಂದ ಇಳಿಯಲಿಲ್ಲ.

ಇದನ್ನೆಲ್ಲ ಕೇಳಿ ನಿಖಿತಾ ನಕ್ಕು ನಕ್ಕು ಮೇಜಿನ ಮೇಲೆ ತಲೆಯಿಟ್ಟಳು. ಆ ನಗು ನೋಡಿ ನನಗೆ ಧೈರ್ಯ ಬಂತು. ತಪ್ಪು ಒಪ್ಪಿಕೊಳ್ಳುವುದು ಇಷ್ಟು ಸುಲಭವಾದರೆ ಹತ್ತು ದಿನದಲ್ಲಿ ಇಡೀ ನೋಟ್‌ಬುಕ್ ಶುದ್ಧ ಮಾಡಿಬಿಡಬಹುದು ಎಂದುಕೊಂಡೆ.

ಎರಡನೆಯ ದಿನ ಸೂರತ್ತು. ಕತಾರ್‌ಗಾಮ್ ಬಳಿ ಯುರೋಪಿನ ವ್ಯಾಪಾರಿಗಳ ಹಳೆಯ ಗೋರಿಗಳಿವೆ. ಇಂಗ್ಲಿಷರದು ಒಂದು ಕಡೆ, ಡಚ್ಚರದು ಇನ್ನೊಂದು ಕಡೆ. ಶಿಲುಬೆ ನೆಟ್ಟ ಸಾದಾ ಗೋರಿ ಎಂದುಕೊಂಡು ಹೋದರೆ ಬೆರಗಾಗುತ್ತೀರಿ. ಗುಮ್ಮಟ, ಕಂಬ, ಕಮಾನು. ದೂರದಿಂದ ಯಾರೋ ನವಾಬನದೇ ಇರಬೇಕು ಅನ್ನಿಸುತ್ತದೆ. ಬದುಕಿದ್ದಾಗ ಬಟ್ಟೆಗೂ ನೀಲಿಗೂ ಪೈಪೋಟಿ ಮಾಡಿದವರು ಸತ್ತ ಮೇಲೆ ಗುಮ್ಮಟದ ಎತ್ತರಕ್ಕೆ ಪೈಪೋಟಿ ಮಾಡಿದರು ಎಂದು ಇಲ್ಲಿ ಹೇಳುವ ರೂಢಿ. ಇಷ್ಟು ಸರಿ. ನನ್ನ ಅಪರಾಧವೇನೆಂದರೆ, ಎರಡು ವರ್ಷ ಡಚ್ಚರ ಗೋರಿಯನ್ನು ಇಂಗ್ಲಿಷರದೆಂದೂ ಇಂಗ್ಲಿಷರದನ್ನು ಡಚ್ಚರದೆಂದೂ ತೋರಿಸಿದ್ದು. ಫಲಕ ಇತ್ತು. ಓದಿರಲಿಲ್ಲ. ಗೈಡ್ ಆದವನು ಫಲಕ ಓದುತ್ತ ನಿಂತರೆ ಮರ್ಯಾದೆ ಏನುಳಿಯಿತು ಎಂಬುದು ನನ್ನ ಅಂದಿನ ಸಿದ್ಧಾಂತ. ಅದೇ ಕಾಲದಲ್ಲಿ ಚನ್ನಪಟ್ಟಣದ ಒಂದು ಗುಂಪಿನ ಹೆಂಗಸರು ಗುಮ್ಮಟ ಕಂಡದ್ದೇ ಚಪ್ಪಲಿ ಬಿಟ್ಟು ಒಬ್ಬ ಡಚ್ ಸಾಹೇಬನಿಗೆ ಮೂರು ಪ್ರದಕ್ಷಿಣೆ ಹಾಕಿದರು. ತಡೆಯಬೇಕಿತ್ತು. ಆದರೆ ಆ ಹತ್ತು ನಿಮಿಷದಲ್ಲಿ ನನಗೊಂದು ಚಹಾ ಆಗುತ್ತಿತ್ತು. ಒಬ್ಬಾಕೆ ಕೊನೆಗೆ ಬಂದು ಕೇಳಿದಳು, "ಇಲ್ಲಿ ಯಾವ ವಾರ ವಿಶೇಷ ಸಾರ್?"

"ಭಾನುವಾರ," ಎಂದೆ. ಕ್ರಿಶ್ಚಿಯನ್ನರಲ್ಲವೇ, ಪೂರಾ ಸುಳ್ಳೇನಲ್ಲ. ಅಲ್ಲಿಂದ ಮುಂದಿನ ಗುಂಪುಗಳಿಗೂ ಅದನ್ನೇ ಹೇಳುತ್ತ ಬಂದೆ.

"ಇದನ್ನೂ ಹೊಡೀಲಾ ಕಾಕಾ?"

"ಭಾನುವಾರ ಹೊಡಿ. ಗುಮ್ಮಟ ಇರಲಿ. ಫಲಕ ಓದಿ ಹೋಗು."

ಮೂರನೆಯ ದಿನದ್ದು ಸುಳ್ಳಲ್ಲ, ಅದಕ್ಕಿಂತ ಅಪಾಯದ್ದು: ಹೊತ್ತುಗೊತ್ತಿಲ್ಲದೆ ಹೇಳಿದ ನಿಜ. ಸೂರತ್ತಿನ ಪಾಂಡೇಸರಾದ ಒಂದು ಸೀರೆ ಪ್ರಿಂಟಿಂಗ್ ಮಿಲ್ಲಿಗೆ ಗುಂಪುಗಳನ್ನು ಕರೆದೊಯ್ಯುತ್ತಿದ್ದೆ. ಪಕ್ಕದ ಅಂಗಡಿಯವನು ನನ್ನ ಕೈ ಬಿಸಿ ಮಾಡುತ್ತಿದ್ದ, ಅದನ್ನೇನು ಮುಚ್ಚಿಡಲಿ. ಒಮ್ಮೆ ಮೈಸೂರಿನಿಂದ ಬಂದ ಒಬ್ಬ ತಾಯಿ ಬಸ್ಸಿನುದ್ದಕ್ಕೂ ತಮ್ಮ ಸೀರೆಯ ಗುಣಗಾನ ಮಾಡಿಕೊಂಡು ಬಂದಿದ್ದರು. ನಮ್ಮೂರ ಅಂಗಡಿಯದು, ನಮ್ಮ ಕಡೆ ಮಾತ್ರ ಸಿಗುವ ಡಿಸೈನು, ನಿಮ್ಮ ಸೂರತ್ತಿನ ಸೀರೆ ಯಾರಿಗೆ ಬೇಕು, ಎಂದು. ಮಿಲ್ಲಿನೊಳಗೆ ಹೆಜ್ಜೆ ಇಟ್ಟರೆ ಯಂತ್ರದಿಂದ ಅದೇ ಹೂವು, ಅದೇ ಬಳ್ಳಿ, ಅದೇ ಬಣ್ಣ ಮೀಟರುಗಟ್ಟಲೆ ಇಳಿದು ಬರುತ್ತಿದೆ! ಜಾಣ ಗೈಡ್ ಆಗಿದ್ದರೆ ಎಲ್ಲರನ್ನೂ ಬೇರೆ ಯಂತ್ರದ ಕಡೆ ತಿರುಗಿಸುತ್ತಿದ್ದ. ನಾನು ಮೈಕಿಲ್ಲದೆಯೇ ಕೂಗಿದೆ: "ನೋಡ್ರಿ, ನೋಡ್ರಿ! ಅಮ್ಮಾರು ಉಟ್ಟಿದ್ದು ಇಲ್ಲೇ ಹುಟ್ಟಿದ್ದು!"

ನಮ್ಮೂರಿನ ಪೇಟೆಯಲ್ಲಿ ತೂಗುವ ಎಷ್ಟೋ ಸೀರೆಗಳ ತವರುಮನೆ ಸೂರತ್ತು ಎಂಬುದು ಬೆರಗಿನ ಸಂಗತಿಯೇ. ಆದರೆ ಉಟ್ಟವರ ಎದುರಿಗೆ ಹೇಳುವುದಲ್ಲ. ಆ ತಾಯಿ ಸೆರಗನ್ನು ಮಡಿಲಿಗೆ ಸುತ್ತಿಕೊಂಡು ಬಸ್ಸಿನಲ್ಲಿ ಕೂತವರು ವಡೋದರಾದವರೆಗೆ ಬಾಯಿ ಬಿಡಲಿಲ್ಲ. ಅವತ್ತು ಒಬ್ಬರೂ ಒಂದು ಸೀರೆಯನ್ನೂ ಕೊಳ್ಳಲಿಲ್ಲ. ರಮಣಿಕ್‌ಭಾಯಿ ಕೇಳಿ ತಿಳಿದು ಹಣೆ ಒತ್ತಿಕೊಂಡ. "ನಿಧಾನವಾಗಿ ಹೇಳು ಅಂದಿದ್ದೆನಲ್ಲಪ್ಪ."

ನಿಖಿತಾ ಇದನ್ನು ಹೊಡೆಯಲಿಲ್ಲ. ಪಕ್ಕದಲ್ಲಿ "ಧೀಮೇ" ಎಂದು ಬರೆದುಕೊಂಡಳು. ಅವಳು ನನಗಿಂತ ಒಳ್ಳೆಯ ಗೈಡ್ ಆಗುತ್ತಾಳೆ ಎಂದು ನನಗೆ ಗೊತ್ತಾದದ್ದು ಆಗಲೇ.

ನಾಲ್ಕನೆಯ ದಿನ ಅವಳು ಎದ್ದು ನಿಂತಳು. ಬಾಲ್‌ಪೆನ್ನನ್ನು ಮೈಕಿನಂತೆ ಹಿಡಿದಳು. "ಕಾಕಾ, ಇದು ನನ್ನ ಓಪನಿಂಗ್. ವೈವಾದಲ್ಲಿ ಗ್ರೂಪ್‌ಗೆ ಸ್ವಾಗತ ಹೇಗೆ ಮಾಡ್ತೀರಿ ಅಂತ ಕೇಳೇ ಕೇಳ್ತಾರೆ. ಕೇಳಿ." ಗಂಟಲು ಸರಿಮಾಡಿಕೊಂಡು, ಒಂದೂ ತಪ್ಪಿಲ್ಲದ ಕನ್ನಡದಲ್ಲಿ, ನನ್ನದೇ ಏರಿಳಿತದಲ್ಲಿ ಶುರು ಮಾಡಿದಳು: "ನಮಸ್ಕಾರ. ನೀವು ಗುಜರಾತಿಗೆ ಬರುವುದಕ್ಕೆ ಸಾವಿರ ವರ್ಷ ಮೊದಲೇ ನಿಮ್ಮ ಮನೆಯ ಸಾರು ಇಲ್ಲಿಗೆ ಬಂದಿದೆ!"



ಈ ಸಾರಿನ ಹುಟ್ಟನ್ನು ಹೇಳಿಬಿಡುತ್ತೇನೆ. ಅಹಮದಾಬಾದಿನ ಒಂದು ಥಾಲಿ ಊಟದ ಮನೆ. ಅಲ್ಲಿ ರೋಟಿ, ಪಲ್ಯ, ಫರಸಾಣವೆಂಬ ಕುರುಕಲು ತಿಂಡಿ ಎಲ್ಲ ಮೊದಲು. ಅನ್ನ ಬರುವುದು ಕೊಟ್ಟಕೊನೆಗೆ. ದಾಲಿನಲ್ಲಿ ಬೆಲ್ಲ. ನಮ್ಮ ಜನಕ್ಕೆ ಇದು ತಿಳಿಯದು. ಅನ್ನ ಬಂದೀತೆಂದು ಕಾಯುತ್ತ ಕಾಯುತ್ತ ರೋಟಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ಆದ್ದರಿಂದ ಹೊಸಬರೇ, ಕನ್ನಡದ ಗುಂಪಾದರೆ ಒಳಗೆ ಹೋಗಿ ಅಡುಗೆಯವನ ಕೈಹಿಡಿದು ಅನ್ನವನ್ನು ಬೇಗ ತರಿಸಿ, ಒಂದು ದಾಲಿಗೆ ಬೆಲ್ಲ ಹಾಕಬೇಡ ಎನ್ನಿ. ನಾನು ಅವತ್ತು ಇದನ್ನು ಮಾಡದೆ ಗಲ್ಲಾಪೆಟ್ಟಿಗೆಯ ಬಳಿ ಡ್ರೈವರನ ಊಟ ಬಿಟ್ಟಿಯಾಗಿ ಗಿಟ್ಟಿಸಲು ಚೌಕಾಸಿ ಮಾಡುತ್ತಿದ್ದೆ.

ಬಡಿಸುವವನು ಸಾಲಿನ ಮೊದಲಿಗೆ ಕೂತಿದ್ದ ನಿವೃತ್ತ ಮೇಷ್ಟರ ಬಳಿ ಬಾಗಿ ಕೇಳಿದ. "ಸಾರು ಛೇ?" ಗುಜರಾತಿಯಲ್ಲಿ ಸಾರು ಎಂದರೆ ಚೆನ್ನಾಗಿದೆ. ಊಟ ಚೆನ್ನಾಗಿದೆಯಾ ಎಂದು ಅವನು ಕೇಳಿದ್ದು.

ಮೇಷ್ಟರ ಮುಖ ಅರಳಿತು. "ಓಹೋ, ಸಾರೂ ಇದೆಯಂತೆ ಕಣ್ರೀ! ಸಾರು, ಸಾರು!" ಎಂದು ಬಟ್ಟಲು ಎತ್ತಿ ಹಿಡಿದರು.

ಅವನು ಹಲ್ಲು ಬಿಟ್ಟು ಮುಂದಿನವರಿಗೆ ಕೇಳಿದ. ಅವರೂ ಬಟ್ಟಲು ಎತ್ತಿದರು. ಇಡೀ ಸಾಲು, ಅದರ ಎದುರಿನ ಸಾಲು, ನಲವತ್ತು ಬಟ್ಟಲು ಮೇಲಕ್ಕೆದ್ದು "ಸಾರು! ಸಾರು!" ಎಂಬ ಘೋಷ. ಬಡಿಸುವ ಹುಡುಗ ಓಡಿಹೋಗಿ ಮಾಲೀಕನನ್ನು ಕರೆತಂದ. ತನ್ನ ಊಟವನ್ನು ಹೀಗೆ ಬಟ್ಟಲೆತ್ತಿ ಮೆಚ್ಚಿದ ಗಿರಾಕಿಗಳನ್ನು ಆತ ಕಂಡಿರಲಿಲ್ಲ. ಕೈಮುಗಿದು ಎದೆಗೊತ್ತಿಕೊಂಡು ತೇವದ ಕಣ್ಣಿನಲ್ಲಿ ಕೇಳಿದ: "ಸಾರು?" ನಲವತ್ತು ಜನ ಹಸಿದ ದನಿಯಲ್ಲಿ ಹೇಳಿದರು: "ಸಾರು!" ಯಾರಿಗೂ ಒಂದು ತೊಟ್ಟೂ ಬರಲಿಲ್ಲ.

ಬಸ್ಸು ಹೊರಟ ಮೇಲೆ ಮೇಷ್ಟರು ವಿಚಾರಣೆ ಶುರು ಮಾಡಿದರು. "ಏನ್ರೀ ಗೈಡು, ಸಾರು ಸಾರು ಅಂತ ಆಸೆ ತೋರಿಸಿ ಬರೀ ಬಟ್ಟಲಲ್ಲಿ ಎಬ್ಬಿಸಿ ಕಳಿಸಿದ್ರಲ್ಲ ಅವರು?" ಅರ್ಥ ಬಿಡಿಸಿ ಹೇಳಿದೆ. ಬಸ್ಸೆಲ್ಲ ನಕ್ಕಿತು. ಮೇಷ್ಟರು ನಗಲಿಲ್ಲ. "ಅಲ್ಲ, ನಮ್ಮ ಸಾರು ಅವರ ಬಾಯಲ್ಲಿ 'ಚೆನ್ನಾಗಿದೆ' ಆದದ್ದು ಹೇಗೆ? ಅದನ್ನು ಹೇಳಿ."

ಗೊತ್ತಿಲ್ಲ. ಈ ಮೂರಕ್ಷರ ಹೇಳಿದ್ದರೆ ಇವತ್ತು ಈ ಬರಹ ಇರುತ್ತಿರಲಿಲ್ಲ. ಆದರೆ ನಲವತ್ತು ಮುಖಗಳು ನನ್ನತ್ತ ತಿರುಗಿದ್ದವು, ಕೈಯಲ್ಲಿ ಮೈಕು ಇತ್ತು. ರಾಷ್ಟ್ರಕೂಟರು ಈ ಕಡೆಯನ್ನೂ ಆಳಿದ್ದರು ಎಂದು ಬೆಳಿಗ್ಗೆ ಅದೇ ಮೇಷ್ಟರು ಯಾರಿಗೋ ಹೇಳಿದ್ದು ಅರ್ಧ ಕಿವಿಯಲ್ಲಿತ್ತು. ಅದನ್ನೇ ಒಗ್ಗರಣೆಗೆ ಹಾಕಿದೆ. ರಾಷ್ಟ್ರಕೂಟರ ಸೈನ್ಯ ಇಲ್ಲಿ ಬೀಡುಬಿಟ್ಟಿತ್ತು, ಅಡುಗೆಯವನು ಊರಿನವರಿಗೂ ಒಂದು ಸೌಟು ಬಡಿಸಿದ, ಇದೇನೆಂದು ಕೇಳಿದರೆ 'ಸಾರು' ಅಂದ. ಅವರ ನಾಲಿಗೆಗೆ ಅದೆಷ್ಟು ಹಿಡಿಸಿತೆಂದರೆ ಅಂದಿನಿಂದ ಯಾವುದು ಚೆನ್ನಾಗಿದ್ದರೂ 'ಸಾರು' ಅನ್ನತೊಡಗಿದರು.

ಚಪ್ಪಾಳೆ ಬಿದ್ದದ್ದು ನೋಡಿ! ಮೇಷ್ಟರು ಡೈರಿ ತೆಗೆದು ಬರೆದುಕೊಂಡರು. ಇಳಿಯುವಾಗ ನನ್ನ ಭುಜ ತಟ್ಟಿದರು.

ಅಲ್ಲಿಂದ ಮುಂದೆ ನಾನು ಅದನ್ನು ಬಿಡಲಿಲ್ಲ. ಮೊಬೈಲು ಬಂದ ಮೇಲೆ ಕೆಲಸದ ರೀತಿಯೇ ಬದಲಾಯಿತು. ನಾನು ಬಾಯಿ ಮುಚ್ಚುವುದರೊಳಗೆ ಹಿಂದಿನ ಸೀಟಿನವರು ಫೋನು ತೆರೆದು ಸುಲ್ತಾನನ ಅಪ್ಪನ ಹೆಸರು ತಿದ್ದುತ್ತಿದ್ದರು. ಒಬ್ಬ ಹುಡುಗ, "ಆ ಕಾಲದಲ್ಲಿ ಮೆಣಸಿನಕಾಯಿ ಇರಲಿಲ್ಲವಲ್ಲ ಅಂಕಲ್?" ಎಂದ. "ಕರಿಮೆಣಸಿನ ಸಾರಪ್ಪ," ಎಂದೆ. ಸುಳ್ಳಿಗೂ ಪಾಠಾಂತರ ಹುಟ್ಟಿತು. ಒಂದು ರಾಜ್ಯೋತ್ಸವದ ಸಂಚಿಕೆಯಲ್ಲಿ 'ನಿಮಗಿದು ಗೊತ್ತೇ?' ಎಂಬ ಚೌಕದೊಳಗೆ ಅಚ್ಚಾಗಿ ಬಂತು. ಕೊನೆಗೆ ದಾವಣಗೆರೆಯವರೊಬ್ಬರು ನಡುವೆಯೇ ನನ್ನನ್ನು ತಡೆದು, "ತಪ್ಪು ಹೇಳ್ತಾ ಇದ್ದೀರಿ ಸ್ವಾಮಿ. ಅವನು ಅಡುಗೆಯವನಲ್ಲ, ಅಡುಗೆಯವಳು," ಎಂದು ತಿದ್ದಿದರು. ನಾನು ಕ್ಷಮೆ ಕೇಳಿದೆ.

ಈಗ ನಿಖಿತಾ ಪೆನ್ನು ಹಿಡಿದು ಕಣ್ಣರಳಿಸಿ ನಿಂತಿದ್ದಳು. "ಹೆಂಗಿದೆ ಕಾಕಾ?"

ಹೇಳಬೇಕಿತ್ತು. ಮಾವನನ್ನು ಒಪ್ಪಿಕೊಂಡೆ, ಭಾನುವಾರವನ್ನು ಒಪ್ಪಿಕೊಂಡೆ; ಇದು ಬಾಯಿಗೆ ಬರಲಿಲ್ಲ. ಅವೆಲ್ಲ ನನ್ನ ತಪ್ಪುಗಳು, ಇದೊಂದು ನನ್ನ ಕೃತಿ. ನನ್ನ ಬಾಯಿಯಿಂದ ಹೊರಟು ಅಚ್ಚಾದದ್ದು ಇದೊಂದೇ. "ಸಾರು ಛೇ," ಎಂದುಬಿಟ್ಟೆ. ಅವಳು ಕುಣಿಯುತ್ತ ಹೋದಳು.

ಐದು, ಆರು, ಏಳು, ಎಂಟನೆಯ ದಿನವೂ ಹೇಳಲಿಲ್ಲ. ಒಂಬತ್ತನೆಯ ದಿನ ನನ್ನ ಹೆಂಡತಿ ಕೇಳಿದಳು, "ಅಲ್ರೀ, ಆ ಹುಡುಗಿಗೆ ಸಾರಿಂದು ಹೇಳೀರೋ ಇಲ್ಲೋ?" ನನ್ನ ಸುಳ್ಳುಗಳ ಸಂಪೂರ್ಣ ಪಟ್ಟಿ ಇರುವುದು ಅವಳೊಬ್ಬಳ ಬಳಿ.

"ನಾಳೆ ಅಕೀ ಜೋಡಿ ಅಹಮದಾಬಾದಿಗೆ ಹೋಗತೇನಲ್ಲ, ರೈಲಿನ್ಯಾಗ ಹೇಳತೇನಿ."

"ರೈಲು ಎರಡ ತಾಸಿಂದು. ನೀವು ನಿಧಾನದ ಮನಿಷ್ಯಾರು. ಹತ್ತಿದ ಕೂಡಲೇ ಹೇಳ್ರಿ."

ಹತ್ತಿದ ಕೂಡಲೇ ಹೇಳಲಿಲ್ಲ. ಜನ ಜಾಸ್ತಿ. ಆಣಂದ್ ಬರಲಿ ಎಂದುಕೊಂಡೆ. ಆಣಂದಿನಲ್ಲಿ ಅವಳು ಹಾಲು ಕುಡಿಯುತ್ತಿದ್ದಳು, ಕುಡಿಯುವವರಿಗೆ ಕೆಟ್ಟ ಸುದ್ದಿ ಹೇಳಬಾರದು. ನಡಿಯಾದಿನಲ್ಲಿ ಕಣ್ಣು ಮುಚ್ಚಿ ತುಟಿಯಲ್ಲೇ ಓಪನಿಂಗ್ ಹೇಳಿಕೊಳ್ಳುತ್ತಿದ್ದಳು: ನಮಸ್ಕಾರ, ನೀವು ಗುಜರಾತಿಗೆ ಬರುವುದಕ್ಕೆ ಸಾವಿರ ವರ್ಷ... ನಡಿಯಾದ್ ದಾಟಿತು. ಇನ್ನು ಅರ್ಧ ಮುಕ್ಕಾಲು ಗಂಟೆ.

"ನಿಖಿತಾ, ಆ ಸಾರು ಐತಲ್ಲ..."

"ಹಾಂ?"

"ಅದು ನಾ ಮಾಡಿದ್ದವಾ."

"ನೀವು ಸಾರು ಮಾಡಿದ್ರಾ? ಯಾವಾಗ?"

"ಅಡಿಗಿ ಅಲ್ಲ. ಕತಿ. ಕತಿ ನಾ ಕಟ್ಟಿದ್ದು. ಹಂಗೇನೂ ನಡದಿಲ್ಲ."

ಸಿಟ್ಟು ಬಂದರೆ ಅವಳ ಕನ್ನಡ ಪೂರ್ತಿ ಇಳಿದುಹೋಗುತ್ತದೆ. "ಕಾಕಾ, ತಮೆ ಖೋಟು ಬೋಲ್ಯಾ?" ನೀವು ಸುಳ್ಳು ಹೇಳಿದಿರಾ? ಎದುರಿನ ಸೀಟಿನ ಗುಜರಾತಿ ದಂಪತಿ ಪತ್ರಿಕೆ ಕೆಳಗಿಳಿಸಿ ನನ್ನನ್ನು ನೋಡಿದರು. "ಆರು ದಿನ! ಆರು ದಿನ ಸಾರು ಛೇ, ಸಾರು ಛೇ ಅಂದ್ರಿ! ನಾನು ಒಳಗೆ ಹೋಗಿ ಪ್ರೊಫೆಸರ್ ಮುಂದೆ ಇದನ್ನೇ ಹೇಳ್ತಿತ್ತು!"

'ಹೇಳ್ತಿದ್ದೆ' ಎಂದು ತಿದ್ದುವ ಧೈರ್ಯ ನನಗಿರಲಿಲ್ಲ.

"ಈಗ ಏನು ಹೇಳಲಿ? ಓಪನಿಂಗೇ ಇಲ್ಲ!"

"ರಾಷ್ಟ್ರಕೂಟರು ಇಲ್ಲೆ ಇದ್ದದ್ದು ಮಾತ್ರ ನಿಜ ಅಂತ ಮೇಷ್ಟರು ಹೇಳಿದ್ದು."

"ಮೇಷ್ಟರು ಹೇಳಿದ್ದು! ನೀವು ಚೆಕ್ ಮಾಡಿದ್ರಾ?"

ಇಪ್ಪತ್ತು ವರ್ಷ ಆ ಸುಳ್ಳಿಗೆ ಮೆಣಸು ಬದಲಾಯಿಸಿದೆ, ಅಡುಗೆಯವನನ್ನು ಅಡುಗೆಯವಳಾಗಿಸಿದೆ. ಅದರೊಳಗಿನ ನಿಜದ ಕಾಳನ್ನು ಒಮ್ಮೆಯೂ ಒಡೆದು ನೋಡಿರಲಿಲ್ಲ. ಅವಳು ಆಗಲೇ ಫೋನು ತೆಗೆದಿದ್ದಳು. ಮಹೆಮದಾಬಾದ್ ದಾಟಿತು, ಮಣಿನಗರ ಬಂತು. ಅವಳು ತಲೆ ಎತ್ತಲಿಲ್ಲ. ಇಳಿಯುವಾಗ ನೋಟ್‌ಬುಕ್ಕನ್ನು ನನ್ನ ಕೈಗೆ ತುರುಕಿದಳು. "ಇದು ನೀವೇ ಇಟ್ಟುಕೊಳ್ಳಿ."

ಮೌಖಿಕ ಪರೀಕ್ಷೆ ನಡೆಯುವ ಕಟ್ಟಡದ ಎದುರಿನ ಚಹಾದ ಲಾರಿಯ ಬಳಿ ಬೆಂಚಿನ ಮೇಲೆ ಕೂತೆ. ಇಲ್ಲಿ ಲಾರಿ ಎಂದರೆ ಕೈಗಾಡಿ. ಊರಿನಿಂದ ಹೊಸದಾಗಿ ಬಂದವರು ಲಾರಿ ಹುಡುಕುತ್ತ ಹೆದ್ದಾರಿಗೆ ಹೋಗಬೇಡಿ. ಅರ್ಧ ಅರ್ಧ ಕಪ್ಪಿನ ನಾಲ್ಕು ಚಹಾ ಆಯಿತು. ನನಗೆ ಬ್ಯಾಂಕಿನ ಕೌಂಟರಿನ ಹಿಂದೆ ಕೂತ ನಿಖಿತಾ ಕಾಣುತ್ತಿದ್ದಳು.

ಒಂದೂವರೆ ಗಂಟೆಯ ಮೇಲೆ ಹೊರಬಂದಳು. ಮುಖದಿಂದ ಏನೂ ತಿಳಿಯಲಿಲ್ಲ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

"ಮೂರು ಜನ ಇತ್ತು. ಒಬ್ಬರು ವಯಸ್ಸಾದ ಹಿಸ್ಟರಿ ಪ್ರೊಫೆಸರ್. ಕರ್ನಾಟಕದ ಗ್ರೂಪ್ ಬಂದ್ರೆ ಬಸ್ಸಿನಲ್ಲಿ ಮೊದಲು ಏನು ಹೇಳ್ತೀಯ ಕೇಳಿದ್ರು."

"ನೀ ಏನಂದಿ?"

"ಸಾರು ಹೇಳಿದೆ."

ನನ್ನ ಕೈಯಲ್ಲಿದ್ದ ಚಹಾ ಪ್ಯಾಂಟಿನ ಮೇಲೆ ಚೆಲ್ಲಿತು.

"ಪೂರಾ ಹೇಳಿದೆ. ಥಾಲಿ, ಬಟ್ಟಲು, ಸೈನ್ಯ, ಸೌಟು. ಪ್ರೊಫೆಸರ್ ಮುಖ ಕೆಂಪಾಗಿ ಹೋಯ್ತು. ಪೆನ್ನು ಎತ್ತಿದ್ರು. ಆಮೇಲೆ ಹೇಳಿದೆ, ಸರ್, ಇದು ನನ್ನ ಗುರು ಇಪ್ಪತ್ತು ವರ್ಷ ಹೇಳಿದ ಸುಳ್ಳು, ಎಲ್ಲರೂ ನಂಬಿದ್ರು, ಪ್ರಿಂಟ್ ಕೂಡ ಆಯ್ತು. ನಾನು ಗ್ರೂಪಿಗೆ ಈ ಸುಳ್ಳು ಹೇಳಿ ನಗಿಸಿ, ಆಮೇಲೆ ನಿಜ ಹೇಳ್ತೀನಿ. ವಡೋದರಾ ಹೆಸರು ಹಳೇ ಕಾಲದಲ್ಲಿ ಮೊದಲು ಕಾಣೋದು ಒಂದು ತಾಮ್ರದ ಶಾಸನದಲ್ಲಿ. ವಟಪದ್ರಕ ಅಂತ, ಒಂದು ಸಣ್ಣ ಹಳ್ಳಿ. ದಾನ ಕೊಟ್ಟಿದ್ದು ಯಾರು? ರಾಷ್ಟ್ರಕೂಟರು. ಅವರ ಮನೆತನದ ಒಂದು ಕೊಂಬೆ ಇಲ್ಲಿ ರಾಜ್ಯ ಆಳ್ತಿತ್ತು. ಅಂದ್ರೆ ನೀವು ದೂರದ ಊರಿಗೆ ಬಂದಿಲ್ಲ, ಅಂತ."

ಇಪ್ಪತ್ತಾರು ವರ್ಷಕ್ಕೂ ಮಿಕ್ಕಿ ನಾನು ಬಾಡಿಗೆ ಕಟ್ಟಿ ಬದುಕಿದ ಊರು. ಅದರ ಹೆಸರು ಮೊದಲು ಬರೆಸಿದವರು ನಮ್ಮ ಕಡೆಯವರು. ನನ್ನ ಬಸ್ಸಿನಲ್ಲಿ ಇದನ್ನು ಹೇಳಿದ್ದರೆ ಯಾವ ಸೈನ್ಯವೂ ಯಾವ ಸೌಟೂ ಬೇಕಿರಲಿಲ್ಲ.

"ಪ್ರೊಫೆಸರು ಏನಂದ್ರು?"

"ನಕ್ಕರು. ನಮ್ಮ ಸಾರು ಸಂಸ್ಕೃತದ ಸಾರದಿಂದ ಬಂದದ್ದು, ನಿಮ್ಮ ಸಾರು ದ್ರಾವಿಡದ್ದು, ಎರಡಕ್ಕೂ ನೆಂಟಸ್ತನ ಇಲ್ಲ ಅಂದ್ರು. ಆಮೇಲೆ ನಿಮ್ಮ ಬಗ್ಗೆ ಕೇಳಿದ್ರು. ಹೊಸ ಗೈಡ್‌ಗಳ ತರಬೇತಿಯಲ್ಲಿ ನಿಮ್ಮ ಕಥೆ ಹೇಳ್ತಾರಂತೆ. ಗೈಡ್ ಏನು ಮಾಡಬಾರದು ಅನ್ನೋ ಕ್ಲಾಸಲ್ಲಿ."

ಸಂಜೆಗೆ ಮೊದಲು ಬಾಗಿಲಿನ ಪಕ್ಕ ಪಟ್ಟಿ ಅಂಟಿಸಿದರು. ಮೊಣಕಾಲು ಮರೆತು ನಾನೇ ಮೊದಲು ಓಡಿದೆ. ಮೇಲಿನಿಂದ ಐದನೆಯದು ಅವಳ ಹೆಸರು. ತಿರುಗಿ ನೋಡಿದರೆ ಅವಳು ಅಪ್ಪನಿಗೆ ಫೋನಿನಲ್ಲಿ ಗುಜರಾತಿ, ಹಿಂದಿ, ಕನ್ನಡ ಮೂರನ್ನೂ ಕಲೆಸಿ ಕೂಗುತ್ತಿದ್ದಳು. ಫೋನಿಟ್ಟು ಕಣ್ಣೊರೆಸಿಕೊಂಡು ಬಂದಳು. ಆಶೀರ್ವಾದ ಕೇಳುತ್ತಾಳೆಂದು ಕೈ ಎತ್ತಿದೆ. ಅವಳು ಆ ಕೈಯಿಂದ ನೋಟ್‌ಬುಕ್ ಕಿತ್ತುಕೊಂಡು ಬೆಂಚಿನ ಮೇಲೆ ಬಿಚ್ಚಿದಳು.

"ಕಾಕಾ, ಲೈಸೆನ್ಸ್ ಬಂತು. ಇನ್ನು ಮುಂದೆ ಇದರಿಂದ ಒಂದು ತಪ್ಪು ಹೇಳಿದ್ರೆ ಹೋಗೋದು ನನ್ನ ಲೈಸೆನ್ಸ್, ನಿಮ್ಮದಲ್ಲ. ಇದರಲ್ಲಿ ಇನ್ನೂ ಎಷ್ಟು ಸುಳ್ಳು ಇದೆ?"

"ಮೂರು," ಎಂದೆ.

"ಇಪ್ಪತ್ತು."

"ಏ, ಇಪ್ಪತ್ತು ಎಲ್ಲಿದವ? ಐದು ಹಿಡಿ."

"ಹದಿನೆಂಟು. ಕಾಕಿಗೆ ಫೋನ್ ಮಾಡಲಾ?"

"ಮನಿಗೆ ಯಾಕ ಫೋನ್ ಮಾಡತಿ? ಒಂಬತ್ತು. ಇದು ಕಡೀ ಮಾತು."

ಅವಳು ಫೋನು ಕೈಗೆತ್ತಿಕೊಂಡಳು. ಚಹಾದವನು ಒಲೆ ಸಣ್ಣ ಮಾಡಿ ನಮ್ಮನ್ನೇ ನೋಡುತ್ತಿದ್ದ. ಹದಿನಾಲ್ಕಕ್ಕೆ ಕುದುರಿತು. ಜೀವನವಿಡೀ ಚೌಕಾಸಿ ಮಾಡಿದ್ದೇನೆ. ನನ್ನ ಬಾಯಿಂದಲೇ ಲೆಕ್ಕ ಏರಿಸುತ್ತ ಹೋಗಿ ಸೋತದ್ದು ಇದೊಂದೇ. ಅವಳು ಪೆನ್ನಿನ ಮುಚ್ಚಳ ತೆಗೆದಳು. ನಾನು ಮೊದಲನೆಯದನ್ನು ಹೇಳತೊಡಗಿದೆ, ಈ ಸಲ ಸರಸರನೆ.